ಕೈದಾಳದಲ್ಲಿ ಬಾಚಿಯ ಹೆಸರೂ ಕೇಳಲಿ

ಮರಳೂರು ದಾಟಿ ಕುಣಿಗಲ್ ರಸ್ತೆಯಲ್ಲಿ ಗೂಳೂರಿಗೆ ಹೋದರೆ ಅಲ್ಲೇ ಹತ್ತಿರದಲ್ಲಿ ಕೈದಾಳ. ಚೆನ್ನಕೇಶವ ದೇವಸ್ಥಾನದ ಬಗ್ಗೆ ಯಾರನ್ನು ಕೇಳಿದರೂ ಒಂದೇ ಕಥೆ: ಬೇಲೂರಿನ ಮೂರ್ತಿಯೊಳಗೆ ಮಗ ಡಂಕಣ ತೋರಿಸಿದ ಕಪ್ಪೆ, ಮಾತಿಗೆ ಕಟ್ಟುಬಿದ್ದು ಕೈ ಕತ್ತರಿಸಿಕೊಂಡ ಜಕಣಾಚಾರಿ, ಹುಟ್ಟೂರಲ್ಲಿ ಕೇಶವನನ್ನು ನಿಲ್ಲಿಸಿದ ಮೇಲೆ ಮರಳಿ ಬಂದ ಕೈ. 1964ರಲ್ಲಿ ಇದು ಸಿನಿಮಾನೂ ಆಯಿತು.

ಕಥೆ ಬೇಡ ಅಂತ ನಾನು ಹೇಳುತ್ತಿಲ್ಲ. ಚಿಕ್ಕಂದಿನಲ್ಲಿ ಬಾಯಿಬಿಟ್ಟುಕೊಂಡು ಕೇಳಿದವರಲ್ಲಿ ನಾನೂ ಒಬ್ಬ.

ಆದರೆ ಇಲ್ಲಿನ ಶಾಸನದಲ್ಲಿರುವ ಹೆಸರು ಗೂಳಿ ಬಾಚಿ. ಹೊಯ್ಸಳ ಒಂದನೇ ನರಸಿಂಹನ ಸಾಮಂತ, ಮರುಗರೆನಾಡಿನ ಒಡೆಯ. 1150ರ ಸುಮಾರಿಗೆ ಅಪ್ಪ ಗಂಗನ ಹೆಸರಲ್ಲಿ ಶಿವನ ಗುಡಿ ಕಟ್ಟಿಸಿದ, ವಿಷ್ಣುವಿಗೊಂದು ಕಟ್ಟಿಸಿದ, ಹೆಂಡತಿ ಭೀಮಲೆಯ ಹೆಸರಲ್ಲಿ ಜಿನಾಲಯವನ್ನೂ ಕಟ್ಟಿಸಿದ. ಒಬ್ಬನೇ ಮನುಷ್ಯ, ಒಂದೇ ಊರು! ಇವತ್ತು ಜನ ಬರುವುದು ಕೇಶವನಿಗೆ, ಪಕ್ಕದ ಗಂಗಾಧರೇಶ್ವರನಿಗೆ. ಬಸದಿಯ ಮಾತನ್ನು ಯಾರೂ ಎತ್ತುವುದಿಲ್ಲ.

ಬೇಲೂರಿನ ಗೋಡೆಗಳ ದಟ್ಟ ಕೆತ್ತನೆ ಇಲ್ಲಿಲ್ಲ. ಕುಸುರಿಯೆಲ್ಲ ಗರ್ಭಗುಡಿಯ ಮೂರ್ತಿಯಲ್ಲಿ, ದಶಾವತಾರ ತುಂಬಿದ ಅದರ ಪ್ರಭಾವಳಿಯಲ್ಲಿ. ಅದನ್ನು ಕಡೆದ ಕೈ ಯಾರದೋ, ಜಕಣಾಚಾರಿ ಎಂದು ನಂಬೋಣ. ಅದೇ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಕಲ್ಲಲ್ಲೇ ಕೆತ್ತಿಟ್ಟಿದ್ದಾರೆ. ಆ ಅಪ್ಪ ಮಗನಿಗೆ ಸಿನಿಮಾ ಇಲ್ಲ.

ಶಾಸನದ ಸಾರವನ್ನು ಇವತ್ತಿನ ಕನ್ನಡದಲ್ಲಿ ಬರೆಸಿ ಗುಡಿಯ ಬಾಗಿಲಲ್ಲಿ ನಿಲ್ಲಿಸಲು ಎಷ್ಟು ಖರ್ಚಾದೀತು? ಮಕ್ಕಳನ್ನು ಟೂರ್ ಕರೆತರುವ ಮೇಷ್ಟ್ರು ಕಪ್ಪೆಯ ಕಥೆ ಮುಗಿಸಿದ ಮೇಲೆ ಅದನ್ನೂ ಒಮ್ಮೆ ಓದಿಸಲಿ, ಜಿನಾಲಯದ ಸಾಲು ಬಿಡದೆ.