ಡೇರಿಯವರು ಓಟು ಕೇಳಲು ಬಂದಾಗ

ನಮ್ಮ ರಾಜ್ಯದಲ್ಲಿ ಡೇರಿಯ ಮನೆ, ರಾಜಕೀಯದ ಮನೆ ಎರಡಕ್ಕೂ ಒಂದೇ ಅಂಗಳ. ಎಚ್.ಡಿ. ರೇವಣ್ಣ, ಬಾಲಚಂದ್ರ ಜಾರಕಿಹೊಳಿ ಶಾಸಕರೂ ಹೌದು, ಕೆ.ಎಂ.ಎಫ್. ಅಧ್ಯಕ್ಷರಾಗಿದ್ದವರೂ ಹೌದು. ಭೀಮಾ ನಾಯ್ಕ 2023ರ ವಿಧಾನಸಭೆ ಚುನಾವಣೆಯಲ್ಲಿ ಸೋತರು, ಅದೇ ವರ್ಷ ಕೆ.ಎಂ.ಎಫ್. ಅಧ್ಯಕ್ಷರಾದರು. ಡಿ.ಕೆ. ಸುರೇಶ್ 2024ರಲ್ಲಿ ಲೋಕಸಭೆಗೆ ಸೋತು 2025ರಲ್ಲಿ ಬೆಂಗಳೂರು ಹಾಲು ಒಕ್ಕೂಟದ ಅಧ್ಯಕ್ಷರಾದರು. ಆಂಧ್ರದ ಚಂದ್ರಬಾಬು ನಾಯ್ಡು 1992ರಲ್ಲಿ ಹೆರಿಟೇಜ್ ಡೇರಿ ಕಂಪನಿ ಕಟ್ಟಿದರು, 1995ರಲ್ಲಿ ಮುಖ್ಯಮಂತ್ರಿಯಾದರು.

ಇದರಲ್ಲಿ ತಪ್ಪೇನೂ ಇಲ್ಲ. ಹಾಲಿನ ವ್ಯವಹಾರದವರಿಗೆ ಹಳ್ಳಿಹಳ್ಳಿಯ ಪರಿಚಯ ಇರ್ತದೆ, ದನ ಸಾಕುವವರ ಕಷ್ಟ ಗೊತ್ತಿರ್ತದೆ. ನಾನು ಕೇಳೋದು ಒಂದೇ: ಆ ಪರಿಚಯದಿಂದ ಲಾಭ ಯಾರಿಗಾಯ್ತು?

ಗುಜರಾತಿನ ತ್ರಿಭುವನದಾಸ ಪಟೇಲರನ್ನು ನೆನೆಯಬೇಕು. ಪೋಲ್ಸನ್ ಡೇರಿಯ ದರಕ್ಕೆ ಬೇಸತ್ತ ಖೇಡಾ ಜಿಲ್ಲೆಯ ರೈತರನ್ನು ಸೇರಿಸಿ 1946ರಲ್ಲಿ ಸಹಕಾರಿ ಒಕ್ಕೂಟ ಕಟ್ಟಿದರು. ಅದೇ ಮುಂದೆ ಅಮುಲ್ ಆಯ್ತು. ಅವರೂ ಕಾಂಗ್ರೆಸ್ಸಿನವರು, ರಾಜ್ಯಸಭೆಗೂ ಹೋದವರು. ನಿವೃತ್ತಿಯಾಗುವಾಗ ಸದಸ್ಯರು ತಲೆಗೊಂದು ರೂಪಾಯಿ ಕೂಡಿಸಿ ಕೊಟ್ಟರು. ಆ ಹಣವನ್ನು ತಾಯಿ-ಮಕ್ಕಳ ಆರೋಗ್ಯದ ಸಂಸ್ಥೆಗೆ ಹಾಕಿದರು.

ಈಗ ನಮ್ಮ ಭಟ್ಕಳ, ಹೊನ್ನಾವರ, ಕುಮಟಾ ಕಡೆ ನೋಡಿ. ನೀರಾವರಿ ಇಲ್ಲದ ಮಕ್ಕಿಗದ್ದೆ, ಮಳೆಗಾಲದ ಒಂದು ಬೆಳೆ, ಅದರ ಹುಲ್ಲೇ ದನಕ್ಕೆ ಆಧಾರ. ಮಲೆನಾಡು ಗಿಡ್ಡ ಕೊಡೋದು ಎರಡು-ಮೂರು ಲೀಟರು. ನಮ್ಮ ಜಿಲ್ಲೆ ಸೇರಿರೋದು ಘಟ್ಟದ ಮೇಲಿನ ಧಾರವಾಡ ಒಕ್ಕೂಟಕ್ಕೆ. ಒಕ್ಕೂಟದ ನಿರ್ದೇಶಕರನ್ನು ಆರಿಸೋದು ಸಂಘಗಳ ಪ್ರತಿನಿಧಿಗಳು. ಸಂಘ ಕಡಿಮೆ ಇದ್ದ ಕಡೆಯವರ ಮಾತಿಗೆ ತೂಕವೂ ಕಡಿಮೆ.

ಸರ್ಕಾರದ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂ. ಇದ್ದದ್ದು 2013ರಲ್ಲಿ 4 ರೂ., 2016ರಲ್ಲಿ 5 ರೂ. ಆಯ್ತು. ಒಳ್ಳೆಯದೇ. ಆದರೆ ಅದು ಸಿಗೋದು ಸಂಘಕ್ಕೆ ಹಾಲು ಹಾಕುವವರಿಗೆ ಮಾತ್ರ. ಸಂಘ ಇಲ್ಲದ ಊರಲ್ಲಿ ಹೋಟೆಲಿಗೆ, ನೆರೆಮನೆಗೆ ಹಾಲು ಕೊಡುವ ಹೆಂಗಸಿಗೆ ಅದರಲ್ಲಿ ಬಿಡಿಗಾಸೂ ಇಲ್ಲ. ಹಿಂಡಿಯ ದರ ಮಾತ್ರ ಇಬ್ಬರಿಗೂ ಒಂದೇ.

ಹಾಗಾಗಿ ಡೇರಿಯ ಹೆಸರು ಹೇಳಿಕೊಂಡು ಓಟಿಗೆ ಬಂದವರಿಗೆ, ಪಕ್ಷ ಯಾವುದಾದರೂ ಸರಿ, ನಾಲ್ಕು ಪ್ರಶ್ನೆ ಕೇಳೋಣ. ಸಂಘ ಇಲ್ಲದ ಎಷ್ಟು ಊರಿಗೆ ಸಂಘ ತಂದಿರಿ? ಎರಡು ಲೀಟರಿನವರ ಹಾಲೂ ಹೋಗುವ ಹಾಗೆ ಹಾಲಿನ ಗಾಡಿ ಒಳದಾರಿಗೆ ಬರ್ತದಾ? ಪ್ರೋತ್ಸಾಹಧನ ತಿಂಗಳುಗಟ್ಟಲೆ ಬಾಕಿ ಬಿದ್ದರೆ ಸದನದಲ್ಲಿ ಎದ್ದು ನಿಂತು ಕೇಳ್ತೀರಾ? ಪೇಟೆಯಲ್ಲಿ ಹಾಲಿನ ದರ ಏರಿದಾಗ ರೈತನ ಪಾಲೆಷ್ಟು ಅಂತ ಸಂಘದ ಗೋಡೆಗೆ ಬರೆದು ಹಚ್ಚಿಸ್ತೀರಾ?

ನಾವು ಹಾಕುವ ಹಾಲನ್ನು ದಿನಕ್ಕೆರಡು ಸಲ ಅಳೆಯುತ್ತಾರೆ. ಜಿಡ್ಡು ಕಡಿಮೆ ಬಂದರೆ ದರ ಕಡಿತ, ನೀರಿದ್ದರೆ ವಾಪಸ್. ಅವರನ್ನು ಅಳೆಯಲಿಕ್ಕೆ ನಮಗೆ ಸಿಗೋದು ಐದು ವರ್ಷಕ್ಕೊಂದು ದಿನ. ಅವತ್ತು ಜಾತಿ, ಪಕ್ಷ ಅಂತ ಹೋಗಿ ಒತ್ತಿ ಬಂದರೆ ಆಮೇಲೆ ದೂರಿ ಉಪಯೋಗ ಇಲ್ಲ. ಸಂಘದ ವಾರ್ಷಿಕ ಸಭೆಗೂ ತಪ್ಪದೆ ಹೋಗಿ. ಲೆಕ್ಕ ಕೇಳುವ ರೂಢಿ ಅಲ್ಲಿಂದಲೇ ಶುರುವಾಗಲಿ.