ಕಾಲೇಜಿನ ಆಟಗಾರನೂ ಕಾಲೇಜಿನ ಹೊಣೆಯೂ

2023ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ದೂರದ ರಿಯಾದ್ ನಗರದಲ್ಲಿ ನಡೆದ ಸಂತೋಷ್ ಟ್ರೋಫಿಯ ಅಂತಿಮ ಪಂದ್ಯದಲ್ಲಿ ಕರ್ನಾಟಕದ ತಂಡವು ಮೇಘಾಲಯವನ್ನು 3–2ರಿಂದ ಸೋಲಿಸಿದ ಸಂಗತಿಯನ್ನು ವಾಚಕರು ಮರೆತಿರಲಾರರು. ಮೈಸೂರೆಂಬ ಹೆಸರಿನಿಂದ 1968-69ರಲ್ಲಿ ಕಡೆಯ ಬಾರಿಗೆ ಗೆದ್ದುಕೊಂಡಿದ್ದ ಆ ಪ್ರಶಸ್ತಿಯು ಐವತ್ತನಾಲ್ಕು ವರ್ಷಗಳ ತರುವಾಯ ನಾಡಿಗೆ ಮರಳಿತು. ಕಾಲ್ಚೆಂಡಿನ ಆಟದಲ್ಲಿ ಒಂದು ಕಾಲಕ್ಕೆ ಅಗ್ರಗಣ್ಯವಾಗಿದ್ದ ನಾಡು ತನ್ನ ಹಳೆಯ ಸ್ಥಾನವನ್ನು ಮತ್ತೆ ಸಂಪಾದಿಸಬೇಕೆಂದು ಬಯಸುವದು ಸಹಜವೇ ಆಗಿದೆ. ಆ ಬಯಕೆಯು ಬೆಂಗಳೂರಿನ ಮೈದಾನಗಳಲ್ಲಿಯೇ ನಿಂತು ಹೋಗದೆ ಜಿಲ್ಲೆಗಳ ಕಾಲೇಜುಗಳಿಗೂ ಹಬ್ಬಬೇಕೆಂಬುದು ನಮ್ಮ ಇಚ್ಛೆ. ಬಳ್ಳಾರಿಯಂತಹ ಊರಿನಲ್ಲಿ, ದಂಡಿನ ಕಾಲದಿಂದಲೂ ಚೆಂಡಾಟವನ್ನು ಕಂಡ ನೆಲದಲ್ಲಿ, ಕಾಲೇಜಿನ ತಂಡಗಳನ್ನು ಹೊಸದಾಗಿ ಕಟ್ಟುವ ಪ್ರಯತ್ನಕ್ಕೆ ನಾವು ಹೃತ್ಪೂರ್ವಕವಾಗಿ ಶುಭವನ್ನೇ ಕೋರುತ್ತೇವೆ. ಆದರೆ ಶುಭ ಕೋರುವಾಗಲೇ ಒಂದು ಪ್ರಶ್ನೆಯನ್ನು ಕೇಳದೆ ಇರಲಾರೆವು. ತಂಡವನ್ನು ಕಟ್ಟುವದು ಸರಿ. ತಂಡದಲ್ಲಿ ಆಡುವ ಹುಡುಗನನ್ನು ಕಟ್ಟುವವರು ಯಾರು?

ಈ ಪ್ರಶ್ನೆಯು ಕೇವಲ ವಾದಕ್ಕಾಗಿ ಹುಟ್ಟಿದ್ದಲ್ಲ. ಕಾಲೇಜೊಂದು ತನ್ನ ತಂಡವನ್ನು ಬೇಗನೆ ಮೇಲಕ್ಕೆ ತರಬೇಕೆಂದು ಹೊರಟಾಗ ಅದರ ಮುಂದೆ ಎರಡು ದಾರಿಗಳಿರುತ್ತವೆ. ಒಂದು ನಿಧಾನದ ದಾರಿ: ಬಂದ ವಿದ್ಯಾರ್ಥಿಗಳಲ್ಲಿ ಆಟದ ಆಸಕ್ತಿಯನ್ನು ಹುಟ್ಟಿಸಿ, ಶಿಕ್ಷಣ ಕೊಟ್ಟು, ಮೂರು ನಾಲ್ಕು ವರ್ಷಗಳಲ್ಲಿ ಫಲ ಕಾಣುವದು. ಇನ್ನೊಂದು ಅವಸರದ ದಾರಿ: ಎಲ್ಲಿಯೋ ಚೆನ್ನಾಗಿ ಆಡುವ ಹುಡುಗನನ್ನು ಹುಡುಕಿ ತಂದು, ಶುಲ್ಕವನ್ನು ಮನ್ನಾ ಮಾಡಿ, ಹೆಸರನ್ನು ದಾಖಲೆಗೆ ಸೇರಿಸಿ, ಪಂದ್ಯದ ದಿನ ಮೈದಾನಕ್ಕಿಳಿಸುವದು. ಎರಡನೆಯ ದಾರಿಯಲ್ಲಿ ಹುಡುಗನಿಗೆ ವರ್ಗದ ಕೋಣೆ ಯಾವ ದಿಕ್ಕಿಗಿದೆಯೆಂಬುದೂ ಗೊತ್ತಿರಬೇಕಾಗಿಲ್ಲ. ಹಾಜರಿಯು ಹೇಗೋ ತುಂಬುತ್ತದೆ. ಪರೀಕ್ಷೆಯು ಹೇಗೋ ಕಳೆಯುತ್ತದೆ ಅಥವಾ ಕಳೆಯುವದಿಲ್ಲ. ಪದಕವು ಪ್ರಿನ್ಸಿಪಾಲರ ಕೋಣೆಯ ಗಾಜಿನ ಕಪಾಟಿನಲ್ಲಿ ಉಳಿಯುತ್ತದೆ. ಹುಡುಗನು ಮಾತ್ರ ಉಳಿಯುವದಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯು ವಿದ್ಯಾಸಂಸ್ಥೆಗಳಿಗೂ ಒಪ್ಪುವಂತಾಗುವದು ನಾಚಿಕೆಗೇಡಿನ ಮಾತು.

ನಮ್ಮ ಜಿಲ್ಲೆಯ ಸ್ಥಿತಿಯನ್ನೇ ಸ್ವಲ್ಪ ನೋಡೋಣ. ಸಿರುಗುಪ್ಪದ ಕಡೆಯ ಹುಡುಗನು ತುಂಗಭದ್ರೆಯ ನೀರಿನಲ್ಲಿ ಬೆಳೆದ ಭತ್ತದ ಗದ್ದೆಗಳ ನಡುವಿನಿಂದ ಬರುತ್ತಾನೆ. ಕುರುಗೋಡಿನ ಕಡೆಯವನು ಮೆಣಸಿನಕಾಯಿಯ ಹೊಲಗಳಿಂದ ಬರುತ್ತಾನೆ. ನಾಟಿಯ ಕಾಲದಲ್ಲಿಯೂ ಕಾಯಿ ಬಿಡಿಸುವ ಕಾಲದಲ್ಲಿಯೂ ಮನೆಯವರಿಗೆ ಅವನ ಎರಡು ಕೈಗಳು ಬೇಕಾಗಿರುತ್ತವೆ. ಅವನು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವನು. ಗಡಿಯ ಊರಿನವನಾದರೆ ಮನೆಯಲ್ಲಿ ತೆಲುಗನ್ನು ಆಡುವವನೂ ಆಗಿರಬಹುದು. ಕಾಲೇಜಿನಲ್ಲಿ ಅವನ ಕೈಗೆ ಬರುವ ಪುಸ್ತಕಗಳಲ್ಲಿ ಬಹುಭಾಗ ಇಂಗ್ಲಿಷಿನವು. ಬಳ್ಳಾರಿಯ ಬಿಸಿಲಿನಲ್ಲಿ ನಡುಹಗಲು ಆಟವಾಡುವದು ಅಸಾಧ್ಯ; ಆದುದರಿಂದ ಅಭ್ಯಾಸವೆಲ್ಲ ಬೆಳಗಿನ ಜಾವಕ್ಕೂ ಸಂಜೆಗೂ ಬೀಳುತ್ತದೆ. ಐವತ್ತು ಕಿಲೋಮೀಟರಿಗೂ ದೂರದ ಸಿರುಗುಪ್ಪದಿಂದ ಬಸ್ಸಿನಲ್ಲಿ ಬಂದು ಹೋಗುವ ಹುಡುಗನು ಮುಂಜಾನೆಯ ಅಭ್ಯಾಸಕ್ಕೆ ಎಷ್ಟು ಹೊತ್ತಿಗೆ ಏಳಬೇಕು, ಸಂಜೆಯ ಅಭ್ಯಾಸ ಮುಗಿಸಿ ಎಷ್ಟು ಹೊತ್ತಿಗೆ ಮನೆ ಸೇರಬೇಕು, ಇವೆರಡರ ನಡುವೆ ಪುಸ್ತಕವನ್ನು ಯಾವಾಗ ತೆರೆಯಬೇಕು? ಈ ಲೆಕ್ಕವನ್ನು ಮಾಡದೆ ಅವನನ್ನು ತಂಡಕ್ಕೆ ಸೇರಿಸಿಕೊಂಡು, ಅವನು ಪರೀಕ್ಷೆಯಲ್ಲಿ ಸೋತಾಗ 'ಆಟದ ಹುಡುಗರು ಓದುವದಿಲ್ಲ' ಎಂದು ತೀರ್ಪು ಕೊಡುವದು ನ್ಯಾಯವೂ ಅಲ್ಲ, ವಿವೇಕವೂ ಅಲ್ಲ.

ಕಾಲೇಜಿನ ಒಂದು ಸ್ಥಾನವು ಈ ಜಿಲ್ಲೆಗೆ ಸುಲಭವಾಗಿ ದೊರೆತದ್ದಲ್ಲವೆಂಬುದನ್ನೂ ನೆನೆಯಬೇಕು. 1945ರಲ್ಲಿ ವೀರಶೈವ ಕಾಲೇಜು ಸ್ಥಾಪನೆಯಾಗುವ ಮೊದಲು ಇಲ್ಲಿಯ ತರುಣರು ಪದವಿಗಾಗಿ ಅನಂತಪುರಕ್ಕೋ ಮದ್ರಾಸಿಗೋ ಹೋಗಬೇಕಾಗಿತ್ತು. ಜಿಲ್ಲೆಯು ಮದ್ರಾಸನ್ನು ಬಿಟ್ಟು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ತನ್ನದೇ ಆದ ವಿಶ್ವವಿದ್ಯಾಲಯವನ್ನು ಕಾಣಲು ಇನ್ನೂ ಕಾದು, 2010ರಲ್ಲಿ ವಿಜಯನಗರ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯವನ್ನು ಪಡೆಯಿತು. ಹಿರಿಯರು ಬೆವರು ಸುರಿಸಿ ಸಂಪಾದಿಸಿಕೊಟ್ಟ ಇಂತಹ ಸ್ಥಾನವನ್ನು ಪಂದ್ಯಕ್ಕೆ ಪ್ರವೇಶ ಪಡೆಯುವ ಚೀಟಿಯಂತೆ ಬಳಸುವದು ಆ ಹಿರಿಯರಿಗೂ ಅಪಚಾರ, ಹುಡುಗನಿಗೂ ದ್ರೋಹ.

'ಆಟದಲ್ಲಿಯೇ ಅವನ ಬಾಳು ಬೆಳಗುವದು, ಪದವಿ ಯಾತಕ್ಕೆ?' ಎಂದು ಕೆಲವರು ಕೇಳುತ್ತಾರೆ. ಉತ್ತರವು ಗಣಿತದಲ್ಲಿದೆ. ದೇಶದ ಅತ್ಯುನ್ನತ ಪಂದ್ಯಾವಳಿಯಾದ ಇಂಡಿಯನ್ ಸೂಪರ್ ಲೀಗಿನಲ್ಲಿ 2024-25ರಲ್ಲಿ ಆಡಿದ ತಂಡಗಳು ಹದಿಮೂರು. ತಂಡವೊಂದಕ್ಕೆ ಸುಮಾರು ಮೂವತ್ತು ಆಟಗಾರರೆಂದು ಹಿಡಿದರೂ ಒಟ್ಟು ನಾಲ್ಕು ನೂರರ ಆಜುಬಾಜು; ಅವರಲ್ಲಿ ಪರದೇಶದವರನ್ನು ಕಳೆಯಬೇಕು. ನೂರನಲವತ್ತು ಕೋಟಿ ಜನರ ದೇಶದಲ್ಲಿ ಇಷ್ಟೇ ಸ್ಥಾನಗಳು! ಆ ಸ್ಥಾನವನ್ನು ಪಡೆದವರ ಬಾಳಾದರೂ ಭದ್ರವೇ? 2025ರ ಜುಲೈಯಲ್ಲಿ ಒಪ್ಪಂದದ ಗೊಂದಲದಿಂದ ಲೀಗನ್ನೇ ತಡೆಹಿಡಿಯಲಾಯಿತು. ಮರುತಿಂಗಳೇ ನಮ್ಮ ಬೆಂಗಳೂರು ಫುಟ್‌ಬಾಲ್ ಕ್ಲಬ್ಬು ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ನಿಲ್ಲಿಸಿದುದಾಗಿ ಸಾರಬೇಕಾಯಿತು. ಭಾರತ ತಂಡದ ಪರವಾಗಿ ಆಡಿದವರಿಗೇ ಈ ಗತಿಯಾದರೆ, ಜಿಲ್ಲೆಯ ಕಾಲೇಜಿನ ಮೈದಾನದಲ್ಲಿ ಮೊಣಕಾಲು ಉಳುಕಿಸಿಕೊಂಡು ಮನೆಗೆ ಮರಳಿದ ಇಪ್ಪತ್ತೊಂದರ ತರುಣನ ಗತಿಯೇನು? ಕೈಯಲ್ಲಿ ಪದವಿಯಿದ್ದರೆ ಅವನು ಶಿಕ್ಷಕನಾದಾನು, ಗುಮಾಸ್ತನಾದಾನು, ಕ್ರೀಡಾ ಮೀಸಲಾತಿಯ ಹುದ್ದೆಗಾದರೂ ಅರ್ಜಿ ಹಾಕಿಯಾನು. ಅದಕ್ಕೂ ವಿದ್ಯಾರ್ಹತೆಯ ಪತ್ರವನ್ನು ಲಗತ್ತಿಸಬೇಕಾಗುವದೆಂಬುದನ್ನು ಅಧಿಕಾರಿಗಳಾದ ವಾಚಕರಿಗೆ ನಾವು ಹೇಳಬೇಕಾಗಿಲ್ಲ.

ಆಟ ಮತ್ತು ಪಾಠ ಒಂದಕ್ಕೊಂದು ವೈರಿಗಳೆಂಬ ನಂಬಿಕೆಯನ್ನು ನಮ್ಮ ನಾಡಿನ ಅನುಭವವೇ ಸುಳ್ಳು ಮಾಡಿದೆ. ಎರಪಳ್ಳಿ ಪ್ರಸನ್ನರು 1962ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ ಮೊದಲ ಟೆಸ್ಟ್ ಆಡಿ, ಅದೇ ವರ್ಷ ವೆಸ್ಟ್ ಇಂಡೀಸಿಗೆ ಹೋಗಿ ಬಂದ ತರುವಾಯ, ಮೈಸೂರಿನಲ್ಲಿ ಇಂಜಿನಿಯರಿಂಗ್ ವ್ಯಾಸಂಗವನ್ನು ಪೂರೈಸುವದಕ್ಕಾಗಿ ಟೆಸ್ಟ್ ಕ್ರಿಕೆಟ್ಟಿನಿಂದಲೇ ದೂರವಿದ್ದರು. ಅವರು ಮರಳಿ ಬಂದದ್ದು 1967ರಲ್ಲಿ. ಐದು ವರ್ಷಗಳನ್ನು ಓದಿಗೆ ಕೊಟ್ಟವರು ಕೊನೆಗೆ ತೆಗೆದ ಟೆಸ್ಟ್ ವಿಕೆಟ್ಟುಗಳು 189. ಅನಿಲ್ ಕುಂಬ್ಳೆಯವರೂ ಜಾವಗಲ್ ಶ್ರೀನಾಥರೂ ಇಂಜಿನಿಯರಿಂಗ್ ಪದವೀಧರರೇ. ಕಾಲ್ಚೆಂಡಿನ ಉದಾಹರಣೆಯೇ ಬೇಕೆಂದರೆ, ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ತಂಡವು 1948ರಲ್ಲಿ ಲಂಡನ್ನಿನಲ್ಲಿ ಫ್ರಾನ್ಸಿನೊಡನೆ 1–2ರಿಂದ ಸೋತ ಪಂದ್ಯವನ್ನು ನೆನೆಯಬಹುದು. ಆ ದಿನ ಭಾರತದ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ತಂಡದ ನಾಯಕರಾಗಿದ್ದವರು ನಾಗಾ ನಾಡಿನ ತಾಲಿಮೆರೆನ್ ಆವೊ. ಕಲಕತ್ತೆಯಲ್ಲಿ ವೈದ್ಯಕೀಯ ವ್ಯಾಸಂಗ ಮಾಡುತ್ತಲೇ ಮೋಹನ್ ಬಾಗಾನಿಗೆ ಆಡುತ್ತಿದ್ದ ಆವೊ ಅವರು ಪದವಿ ಪಡೆದು ತಮ್ಮ ಜನರ ನಡುವೆ ವೈದ್ಯರಾಗಿ ಬಾಳಿದರು. ನಮ್ಮ ಬಳ್ಳಾರಿಯ ರಾಘವಾಚಾರ್ಯರು ಹಗಲು ನ್ಯಾಯಾಲಯದಲ್ಲಿ ವಕೀಲರಾಗಿಯೂ ಇರುಳು ರಂಗಭೂಮಿಯಲ್ಲಿ ನಟರಾಗಿಯೂ ಎರಡೂ ಕಡೆ ಹೆಸರು ಗಳಿಸಲಿಲ್ಲವೆ? ಎರಡು ಹೊರೆಗಳನ್ನು ಹೊರಲು ಸಾಧ್ಯ. ಹೊರಿಸುವವರು ಸಮತೋಲವನ್ನು ತಿಳಿದಿರಬೇಕು.

ಈ ವಿಷಯದಲ್ಲಿ ಅಮೆರಿಕದವರು ಬಹುಕಾಲದಿಂದ ನಿಯಮಗಳನ್ನು ಮಾಡುತ್ತ ಬಂದಿದ್ದಾರೆ. ಅಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬೇರೊಂದು ಆಟ. ಆದರೆ ಕಾಲೇಜಿನ ಸಮಸ್ಯೆ ಒಂದೇ. ಅಲ್ಲಿಯ ಕಾಲೇಜು ಕ್ರೀಡೆಗಳ ಮೇಲ್ವಿಚಾರಣಾ ಸಂಘವು ಎರಡು ದಶಕಗಳ ಹಿಂದೆ ಒಂದು ಕ್ರಮವನ್ನು ತಂದಿತು. ಪ್ರತಿ ಅವಧಿಯಲ್ಲಿ ವಿದ್ಯಾರ್ಥಿವೇತನ ಪಡೆಯುವ ಆಟಗಾರನು ಕಾಲೇಜಿನಲ್ಲಿ ಉಳಿದರೆ ಒಂದು ಅಂಕ, ಓದಿನಲ್ಲಿ ಅರ್ಹನಾದರೆ ಇನ್ನೊಂದು ಅಂಕ. ಇಡೀ ತಂಡದ ಅಂಕಗಳನ್ನು ಕೂಡಿಸಿ ಸಾವಿರಕ್ಕೆ ಲೆಕ್ಕ ಹಾಕಿದಾಗ 930ಕ್ಕಿಂತ ಕೆಳಗಿಳಿದ ತಂಡಕ್ಕೆ ಋತುವಿನ ಕೊನೆಯ ಪ್ರಶಸ್ತಿ ಪಂದ್ಯಗಳಲ್ಲಿ ಪ್ರವೇಶ ತಪ್ಪುವದು. ದಂಡವು ಒಬ್ಬ ಹುಡುಗನ ಮೇಲಲ್ಲ, ಅವನನ್ನು ಕರೆತಂದ ಸಂಸ್ಥೆಯ ಮೇಲೆ ಬೀಳುವದೆಂಬುದೇ ಈ ಕ್ರಮದ ಸಾರ.

ಆದರೆ ನಿಯಮವಿದ್ದ ಮಾತ್ರಕ್ಕೆ ಧರ್ಮ ನಡೆಯುವದಿಲ್ಲ. ಅದೇ ದೇಶದ ನಾರ್ತ್ ಕೆರೊಲೈನಾ ವಿಶ್ವವಿದ್ಯಾಲಯದಲ್ಲಿ 1993ರಿಂದ 2011ರವರೆಗೆ ಪಾಠವೇ ಇಲ್ಲದ 'ಪಾಠಗಳು' ನಡೆದವು. ಅಧ್ಯಾಪಕರ ಮುಖವನ್ನೂ ಕಾಣದೆ ಒಂದು ಪ್ರಬಂಧವನ್ನು ಒಪ್ಪಿಸಿ ವಿದ್ಯಾರ್ಥಿಗಳು ಉತ್ತಮ ಶ್ರೇಣಿಯನ್ನು ಪಡೆದರು. ಇದರ ಲಾಭ ಪಡೆದವರು 3,100 ಮಂದಿಗೂ ಮಿಕ್ಕಿದ್ದರೆಂದೂ ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಆಟಗಾರರೆಂದೂ 2014ರ ವಿಚಾರಣಾ ವರದಿಯು ಬಯಲಿಗಿಟ್ಟಿತು. ಕಾಗದದ ಮೇಲೆ ಎಲ್ಲರೂ ಅರ್ಹರು. ತಲೆಯಲ್ಲಿ ಮಾತ್ರ ಏನೂ ಇಲ್ಲ! ಸುಳ್ಳು ಹಾಜರಿಯೂ ಇದೇ ಜಾತಿಯ ಪಾಪ. ಅದು ದಯೆಯ ವೇಷ ಹಾಕಿಕೊಂಡು ಬರುತ್ತದೆ. 'ಪಾಪ, ಬಡ ಹುಡುಗ' ಎನ್ನುತ್ತದೆ. ಕೊನೆಗೆ ಆ ಬಡ ಹುಡುಗನನ್ನು ಬಡವನಾಗಿಯೇ ಉಳಿಸಿ ಹೋಗುತ್ತದೆ.

ನಮ್ಮ ಮಾತಿಗೆ ಒಂದು ಗಂಭೀರವಾದ ಆಕ್ಷೇಪಣೆಯುಂಟು. ಅದನ್ನು ಮರೆಮಾಚುವದು ನಮಗೆ ಸೇರದು. ಓದಿನ ಕಟ್ಟುನಿಟ್ಟು ಹೆಚ್ಚಾದರೆ ಮೊದಲು ಹೊರಬೀಳುವವನು ಸಿರುಗುಪ್ಪ ಕುರುಗೋಡುಗಳ ರೈತನ ಮಗನೇ ಹೊರತು ಪಟ್ಟಣದ ಶ್ರೀಮಂತನ ಮಗನಲ್ಲ; ಆಟದ ಬಲದಿಂದಲೇ ಕಾಲೇಜಿನ ಮೆಟ್ಟಲು ಹತ್ತಿದವನನ್ನು ಅಂಕಗಳ ಕೋಲಿನಿಂದ ಕೆಳಗೆ ತಳ್ಳಿದಂತಾಗುವದು ಎಂಬುದು ಆ ಆಕ್ಷೇಪಣೆ. ಇದರಲ್ಲಿ ಸತ್ಯಾಂಶವಿದೆ. ಆದುದರಿಂದಲೇ ನಾವು ಹುಡುಗನ ಹೊಣೆಗಿಂತ ಮೊದಲು ಕಾಲೇಜಿನ ಹೊಣೆಯನ್ನು ಇಡುತ್ತೇವೆ. ನೆರವು ಕೊಡದೆ ಲೆಕ್ಕ ಕೇಳುವದು ಕ್ರೌರ್ಯ; ನೆರವು ಕೊಟ್ಟು ಲೆಕ್ಕ ಕೇಳದಿರುವದು ಮೂಢತನ.

ಹಾಗಾದರೆ ಮಾಡಬೇಕಾದುದೇನು? ನಮ್ಮ ಅಲ್ಪಮತಿಗೆ ತೋರಿದ ನಾಲ್ಕು ಮಾತುಗಳನ್ನು ಸಂಬಂಧಪಟ್ಟವರ ಮುಂದಿಡುತ್ತೇವೆ. ಮೊದಲನೆಯದಾಗಿ, ಹೊರ ಊರಿನ ಆಟಗಾರನಿಗೆ ವಿದ್ಯಾರ್ಥಿನಿಲಯದಲ್ಲಿ ಸ್ಥಳವನ್ನು ಕೊಡದೆ ಯಾವ ಕಾಲೇಜೂ ಅವನನ್ನು ಎರಡು ಹೊತ್ತಿನ ಅಭ್ಯಾಸಕ್ಕೆ ಕರೆಯಬಾರದು; ಬಸ್ಸಿನಲ್ಲಿ ಕಳೆಯುವ ಹೊತ್ತು ಓದಿಗೂ ಇಲ್ಲ, ನಿದ್ರೆಗೂ ಇಲ್ಲ. ಎರಡನೆಯದಾಗಿ, ತಂಡಕ್ಕೆ ತರಬೇತಿ ಕೊಡುವವರೊಬ್ಬರಿದ್ದಂತೆ ತಂಡದ ಓದನ್ನು ನೋಡಿಕೊಳ್ಳುವ ಅಧ್ಯಾಪಕರೊಬ್ಬರು ಇರಬೇಕು. ವಾರಕ್ಕೆ ಮೂರು ರಾತ್ರಿಯಾದರೂ ಆಟಗಾರರನ್ನು ಒಟ್ಟಿಗೆ ಕೂಡ್ರಿಸಿ, ಇಂಗ್ಲಿಷಿನ ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳುವದು ಅವರ ಕರ್ತವ್ಯವಾಗಬೇಕು. ಈ ಕೆಲಸಕ್ಕೆ ಅವರ ಬೋಧನೆಯ ವೇಳೆಯಲ್ಲಿ ರಿಯಾಯತಿ ದೊರೆಯಬೇಕು. ಮೂರನೆಯದಾಗಿ, ವಿಶ್ವವಿದ್ಯಾಲಯಗಳ ನಡುವಿನ ಪಂದ್ಯಗಳೂ ಸೆಮಿಸ್ಟರ್ ಪರೀಕ್ಷೆಗಳೂ ಅನೇಕ ವೇಳೆ ಚಳಿಗಾಲದಲ್ಲಿ ಒಟ್ಟಿಗೆ ಬಂದು ಬೀಳುತ್ತವೆ. ವಿಶ್ವವಿದ್ಯಾಲಯದ ಹೆಸರಿನಲ್ಲಿಯೇ ಆಡಲು ಹೋದವನು ಪರೀಕ್ಷೆಯನ್ನು ಕಳೆದುಕೊಂಡರೆ ಅವನಿಗಾಗಿ ಬೇರೊಂದು ಪರೀಕ್ಷೆಯನ್ನು ನಡೆಯಿಸುವದು ಆ ವಿಶ್ವವಿದ್ಯಾಲಯದ ಕೃಪೆಯಲ್ಲ, ಋಣ. ಪಂದ್ಯಕ್ಕೆ ಹೋದ ದಿನಗಳನ್ನು ನಿಜವಾದ ಕಾರಣ ಸಹಿತ ಬರೆದಿಡಲಿ. ವರ್ಗದಲ್ಲಿ ಕುಳಿತಿದ್ದನೆಂದು ಸುಳ್ಳು ಬರೆಯುವದು ಬೇಡ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಪ್ರತಿ ವರ್ಷದ ಕೊನೆಗೆ ಪ್ರತಿ ಕಾಲೇಜೂ ಒಂದು ಸಣ್ಣ ತಖ್ತೆಯನ್ನು ಪ್ರಕಟಿಸಲಿ. ತಂಡದಲ್ಲಿ ಎಷ್ಟು ಮಂದಿ ಇದ್ದರು, ಎಷ್ಟು ಮಂದಿ ಮುಂದಿನ ವರ್ಗಕ್ಕೆ ಹೋದರು, ಎಷ್ಟು ಮಂದಿ ಪದವಿ ಪಡೆದರು, ಎಷ್ಟು ಮಂದಿ ಬಿಟ್ಟು ಹೋದರು ಎಂಬುದು ಹೆಸರುಗಳಿಲ್ಲದೆ ಅದರಲ್ಲಿರಲಿ. ಗೆದ್ದ ಪದಕಗಳ ಪಟ್ಟಿಯ ಪಕ್ಕದಲ್ಲಿಯೇ ಅದನ್ನು ತೂಗುಹಾಕಲಿ. ಮೂರು ವರ್ಷ ಸತತವಾಗಿ ಅರ್ಧಕ್ಕಿಂತ ಹೆಚ್ಚು ಆಟಗಾರರನ್ನು ಪದವಿಗೆ ಮುಟ್ಟಿಸಲಾರದ ಕಾಲೇಜಿಗೆ ವಿಶ್ವವಿದ್ಯಾಲಯದ ಪಂದ್ಯಗಳಲ್ಲಿ ಒಂದು ವರ್ಷದ ವಿರಾಮವನ್ನು ವಿಧಿಸಲಿ. ಆದರೆ ಅಲ್ಲಿಯ ಒಳ್ಳೆಯ ಆಟಗಾರನಿಗೆ ವಿಶ್ವವಿದ್ಯಾಲಯದ ತಂಡದ ಬಾಗಿಲು ತೆರೆದಿರಲಿ. ತಪ್ಪಿದವರು ಯಾರೋ ಅವರಿಗೇ ದಂಡ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ನೆರೆಯಲ್ಲಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯು ದೇಶದ ಹೆಸರಾಂತ ಆಟಗಾರರನ್ನು ಈ ಜಿಲ್ಲೆಗೆ ಬರಮಾಡಿಕೊಂಡಿದೆ. ಅಲ್ಲಿಯ ಹಸಿರು ಮೈದಾನಗಳನ್ನು ಕಂಡ ನಮ್ಮ ಹುಡುಗರ ಕಣ್ಣಿನಲ್ಲಿ ಕನಸು ಮೂಡುವದು ಸಹಜ, ಸ್ವಾಗತಾರ್ಹ. ಆದರೆ ಅಂತಹ ಸಂಸ್ಥೆಯ ಕೆಲಸ ಬೇರೆ, ಕಾಲೇಜಿನ ಕೆಲಸ ಬೇರೆ. ಕ್ರೀಡಾ ಸಂಸ್ಥೆಯು ಆಟಗಾರನನ್ನು ತಯಾರಿಸುವದಾಗಿ ಹೇಳಿಕೊಳ್ಳುತ್ತದೆ. ಕಾಲೇಜು ವಿದ್ಯಾವಂತನಾದ ನಾಗರಿಕನನ್ನು ತಯಾರಿಸುವದಾಗಿ ತಂದೆತಾಯಿಗಳಿಗೆ ಮಾತು ಕೊಟ್ಟಿರುತ್ತದೆ.

ಈ ಬೇಸಗೆಯ ಕೊನೆಗೆ ಮತ್ತೆ ಪ್ರವೇಶದ ದಿನಗಳು ಬರುತ್ತವೆ. ಸಿರುಗುಪ್ಪದ ಬಸ್ಸಿನಿಂದಲೂ ಕುರುಗೋಡಿನ ಬಸ್ಸಿನಿಂದಲೂ ಚೀಲವನ್ನು ಹೆಗಲಿಗೇರಿಸಿಕೊಂಡ ತರುಣರು ಬಳ್ಳಾರಿಯಲ್ಲಿ ಇಳಿಯುತ್ತಾರೆ. ಅವರನ್ನು ಕರೆತಂದ ತಂದೆಯು ಅಧಿಕಾರಿಗಳ ಮುಂದೆ ಕೈಕಟ್ಟಿ ನಿಂತು, 'ಹುಡುಗ ಆಟದಾಗ ಜಾಣ ಅದಾನ್ರೀ, ಒಂದೀಟು ನೋಡಿಕೊಳ್ರಿ' ಎನ್ನುತ್ತಾನೆ. ಆ 'ನೋಡಿಕೊಳ್ರಿ' ಎಂಬ ಒಂದು ಮಾತಿನಲ್ಲಿ ಚೆಂಡೂ ಉಂಟು, ಪುಸ್ತಕವೂ ಉಂಟು, ಮಗನ ಮುಂದಿನ ನಲವತ್ತು ವರ್ಷಗಳೂ ಉಂಟು. ಅದಕ್ಕೆ 'ಆಗಲಿ' ಎಂದು ತಲೆದೂಗುವ ಕಾಲೇಜು ಮೂರಕ್ಕೂ ಹೊಣೆಯಾಗತಕ್ಕದ್ದು. ಹಾಗೆ ಹೊಣೆ ಹೊರಲು ಸಿದ್ಧವಿಲ್ಲದ ಕಾಲೇಜು ತಂಡವನ್ನು ಕಟ್ಟದಿರುವದೇ ಲೇಸು.