ಪೊರೆ ಇಲ್ಲದವರ ಕಣ್ಣನ್ನೂ ನೋಡಿ

ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮ್ಮ ಹೋಬಳಿಯಲ್ಲಿ ವರ್ಷಕ್ಕೊಮ್ಮೆ ಉಚಿತ ನೇತ್ರ ತಪಾಸಣಾ ಶಿಬಿರ ನಡೆಯುತ್ತದೆ. ಶಾಮಿಯಾನ, ಬ್ಯಾನರು, ಉದ್ಘಾಟನಾ ಭಾಷಣ ಯಾವುದಕ್ಕೂ ಕೊರತೆಯಿಲ್ಲ. ಸಾಲಾಗಿ ಕೂತ ವಯಸ್ಸಾದವರ ಕಣ್ಣಿಗೆ ಟಾರ್ಚ್ ಬಿಡುತ್ತಾರೆ. ಪೊರೆ ಬಂದವರ ಹೆಸರು ಬರೆದುಕೊಂಡು ಆಪರೇಷನ್ನಿಗೆ ಬಸ್ಸು ಹತ್ತಿಸುತ್ತಾರೆ. ಉಳಿದವರನ್ನು ಮನೆಗೆ ಕಳಿಸುತ್ತಾರೆ. ನನ್ನ ತಕರಾರು ಈ ಉಳಿದವರ ಪರವಾಗಿ.

ನಮ್ಮಣ್ಣನಿಗೆ ಈಗ ಅರವತ್ತೆಂಟು. ಹೊಸಿಲು ಎಡವುವುದು, ಪಕ್ಕದಿಂದ ಬರುವ ಬೈಕು ಕಾಣದಿರುವುದು ಶುರುವಾದಾಗ ಶಿಬಿರಕ್ಕೆ ಕರೆದೊಯ್ದೆವು. ‘ಪೊರೆ ಇನ್ನೂ ಬಲಿತಿಲ್ಲ, ಮುಂದಿನ ವರ್ಷ ಬನ್ನಿ’ ಎಂದರು. ಮುಂದಿನ ವರ್ಷವೂ ಅದೇ ಮಾತು. ಕೊನೆಗೆ ಪಟ್ಟಣದ ವೈದ್ಯರೊಬ್ಬರು ಕಣ್ಣಿನ ಒತ್ತಡ ಅಳೆದು, ಡ್ರಾಪ್ಸ್ ಹಾಕಿ ಒಳಗಿನ ನರ ನೋಡಿ, ಇದು ಗ್ಲಾಕೋಮಾ ಎಂದರು. ಎಡಗಣ್ಣಿನ ನರ ಅಷ್ಟರಲ್ಲಿ ಬಹುಪಾಲು ಹಾಳಾಗಿತ್ತು.

ಪೊರೆಯಿಂದ ಮಸುಕಾದ ಕಣ್ಣಿಗೆ ಮಸೂರ ಬದಲಿಸಿದರೆ ಸಾಮಾನ್ಯವಾಗಿ ದೃಷ್ಟಿ ಮರಳುತ್ತದೆ. ಗ್ಲಾಕೋಮಾದಲ್ಲಿ ಹೋದದ್ದು ಹೋದಂತೆಯೇ. ಹೆಚ್ಚಿನವರಿಗೆ ನೋವಿಲ್ಲ, ಕೆಂಪಿಲ್ಲ, ಮೊದಲು ಅಂಚಿನ ನೋಟ ಹೋಗುತ್ತದೆ, ನೇರ ನೋಟ ಕೊನೆಯವರೆಗೂ ಉಳಿಯುವುದರಿಂದ ರೋಗಿಗೇ ಗೊತ್ತಾಗುವುದಿಲ್ಲ. ಬೇಗ ಪತ್ತೆಯಾದರೆ ದಿನಾ ಹಾಕುವ ಹನಿಮದ್ದಿನಿಂದ ಉಳಿದ ದೃಷ್ಟಿಯನ್ನು ಕಾಪಾಡಬಹುದು. ಒತ್ತಡ ಅಳೆಯುವುದೊಂದೇ ಸಾಲದು, ಒತ್ತಡ ಸರಿಯಿದ್ದವರಿಗೂ ಈ ಕಾಯಿಲೆ ಬರುತ್ತದೆ, ನರವನ್ನೂ ನೋಡಬೇಕು. ಟಾರ್ಚಿಗೆ ಇದು ಕಾಣುವುದಿಲ್ಲ.

ಇನ್ನು ಪೊರೆ ‘ಬಲಿಯಲಿ’ ಎನ್ನುವುದು ಹಳೆಯ ಕಾಲದ ಶಸ್ತ್ರಚಿಕಿತ್ಸೆಯ ಮಾತು. ಈಗ ದಿನನಿತ್ಯದ ಕೆಲಸಕ್ಕೆ ತೊಂದರೆಯಾದಾಗಲೇ ತೆಗೆಯಬಹುದು. ತೀರಾ ಬಲಿತ ಪೊರೆಯೇ ಕಷ್ಟ. ಆದರೂ ನಮ್ಮ ಶಿಬಿರಗಳಲ್ಲಿ ಈ ಮಾತು ಇನ್ನೂ ಸತ್ತಿಲ್ಲ.

ಶಿಬಿರಗಳನ್ನು ನಾನು ಹಳಿಯುತ್ತಿಲ್ಲ. ಡಾ. ಎಂ. ಸಿ. ಮೋದಿಯವರು ಊರೂರು ಸುತ್ತಿ ಬಡವರ ಪೊರೆ ತೆಗೆದ ನಾಡು ಇದು. 1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುವಾದಾಗ ಪೊರೆಯೇ ದೊಡ್ಡ ಶತ್ರುವಾಗಿತ್ತು, ಇಂದಿಗೂ ಹೌದು. ಆದರೆ ಆಗ ಹಳ್ಳಿಯಲ್ಲಿ ಸಕ್ಕರೆ ಕಾಯಿಲೆ ಇಷ್ಟಿರಲಿಲ್ಲ. ಈಗ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಶುಗರ್ ಮಾತ್ರೆಗೆ ನಿಲ್ಲುವ ಸಾಲು ಗೇಟಿನವರೆಗೆ ಬರುತ್ತದೆ. ಅವರ ರಕ್ತ ಪರೀಕ್ಷಿಸುತ್ತಾರೆ, ಬಿ.ಪಿ. ನೋಡುತ್ತಾರೆ, ಮಾತ್ರೆ ಕೊಡುತ್ತಾರೆ; ಕಣ್ಣು ತೋರಿಸಿದ್ದೀರಾ ಎಂದು ಕೇಳಿದ್ದನ್ನು ನಾನಂತೂ ಕಂಡಿಲ್ಲ. ಸಕ್ಕರೆ ಕಾಯಿಲೆಯವರ ಅಕ್ಷಿಪಟಲವನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು. ಅಲ್ಲಿನ ಸಣ್ಣ ರಕ್ತನಾಳಗಳು ಸೋರತೊಡಗಿದರೂ ಬಹಳ ದಿನ ಕಣ್ಣು ಚೆನ್ನಾಗಿಯೇ ಕಾಣುತ್ತಿರುತ್ತದೆ. ಮಬ್ಬಾದ ಮೇಲೆ ಓಡಿದರೆ ಲೇಸರ್, ಇಂಜೆಕ್ಷನ್ ಎಂದು ಖರ್ಚು ಬೆಳೆಯುತ್ತದೆ, ಫಲ ಮಾತ್ರ ಕಡಿಮೆ.

ಮೆಡಿಕಲ್ ಶಾಪಿನವರ ವಿಷಯವನ್ನೂ ಹೇಳಿಬಿಡುತ್ತೇನೆ. ಕಣ್ಣು ಕೆರೆತ ಎಂದರೆ ಚೀಟಿಯಿಲ್ಲದೆ ಸ್ಟೀರಾಯ್ಡ್ ಹನಿ ಕೊಡುತ್ತಾರೆ. ತಿಂಗಳುಗಟ್ಟಲೆ ಹಾಕಿಕೊಂಡರೆ ಒತ್ತಡವೂ ಏರಬಹುದು, ಪೊರೆಯೂ ಬರಬಹುದು.

ಆಶಾಕಿರಣ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಬಂದು ಕಣ್ಣು ಪರೀಕ್ಷಿಸುವ, ಕನ್ನಡಕ ಕೊಡಿಸುವ ಏರ್ಪಾಡು ಒಳ್ಳೆಯದೇ. ಆದರೆ ಗೋಡೆಯ ಚಾರ್ಟಿನ ಕೊನೆಯ ಸಾಲನ್ನೂ ಓದಬಲ್ಲ ಗ್ಲಾಕೋಮಾ ರೋಗಿ ಅಲ್ಲೂ ತಪ್ಪಿಸಿಕೊಳ್ಳುತ್ತಾನೆ.

ನಾವು ಕೇಳುವುದು ಹೊಸ ಆಸ್ಪತ್ರೆಯನ್ನಲ್ಲ. ಒತ್ತಡ ಅಳೆಯುವ ಉಪಕರಣ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿದೆ. ಅದನ್ನು ಬಳಸಬೇಕಾದ ನೇತ್ರ ಸಹಾಯಕರನ್ನು ಬೇರೆ ಬೇರೆ ಡ್ಯೂಟಿಗೆ ಹಾಕುವುದನ್ನು ನಿಲ್ಲಿಸಿ. ಅಕ್ಷಿಪಟಲದ ಫೋಟೊ ತೆಗೆಯುವ ಕ್ಯಾಮೆರಾ ಒಂದನ್ನು ಶುಗರ್ ಕ್ಲಿನಿಕ್ಕಿನ ಪಕ್ಕದ ಕೋಣೆಯಲ್ಲಿಡಿ. ತರಬೇತಾದ ಸಿಬ್ಬಂದಿ ಫೋಟೊ ತೆಗೆದು ಜಿಲ್ಲಾಸ್ಪತ್ರೆಯ ತಜ್ಞರಿಗೆ ಕಳಿಸಿದರೆ ಸಾಕು. ಶಿಬಿರದಲ್ಲಿ ನಲವತ್ತು ದಾಟಿದ ಪ್ರತಿಯೊಬ್ಬರನ್ನೂ ‘ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದೆಯೇ’ ಎಂದು ಕೇಳಿ.

ಒಡಹುಟ್ಟಿದವರಿಗೆ, ಮಕ್ಕಳಿಗೆ ಈ ಕಾಯಿಲೆಯ ಸಾಧ್ಯತೆ ಹೆಚ್ಚು ಎಂದು ಅಣ್ಣನ ವೈದ್ಯರು ಹೇಳಿದ್ದಾರೆ. ಅಣ್ಣನ ಮಕ್ಕಳಿಬ್ಬರೂ ನಲವತ್ತು ದಾಟಿದವರು, ನನಗೆ ಅರವತ್ತನಾಲ್ಕು. ನಾವು ಮೂವರೂ ತಾಲ್ಲೂಕು ಆಸ್ಪತ್ರೆಗೆ ಯಾವ ವಾರ, ಎಷ್ಟು ಗಂಟೆಗೆ ಬಂದರೆ ಈ ಪರೀಕ್ಷೆ ಮಾಡುತ್ತೀರಿ ಎಂಬುದನ್ನು ಇದೇ ಪತ್ರಿಕೆಯಲ್ಲಿ ತಿಳಿಸಬೇಕಾಗಿ ವಿನಂತಿ.

ಇಂತಿ,
ಒಬ್ಬ ನಿವೃತ್ತ ಶಾಲಾ ಶಿಕ್ಷಕ